ಬಿಡು ಎಂದಷ್ಟೇ ಹೇಳಿದರೆ ಸಾಲದು: ಗಾಂಜಾ ಬಳಸುವವರು ಅಪಾಯ ತಗ್ಗಿಸಿಕೊಳ್ಳುವ ಬಗೆ

ಗಾಂಜಾ ಸೇದುವವರಿಗೆ ಸುತ್ತಲಿನವರು ಹೇಳುವುದು ಒಂದೇ ಮಾತು: ಬಿಟ್ಟುಬಿಡು. ಆ ಮಾತು ತಪ್ಪಲ್ಲ. ಮುಟ್ಟದೇ ಇರುವವರಿಗೆ ಇದರಿಂದ ಯಾವ ಅಪಾಯವೂ ಇಲ್ಲ. ಆದರೆ ಬಿಡಲು ಇನ್ನೂ ಮನಸ್ಸು ಮಾಡದವರಿದ್ದಾರೆ, ಮನಸ್ಸು ಮಾಡಿಯೂ ಆಗದೆ ಒದ್ದಾಡುತ್ತಿರುವವರಿದ್ದಾರೆ. ಅವರಿಗೆ ಅದೊಂದೇ ಮಾತು ಹೇಳಿ ನಾವು ಕೈತೊಳೆದುಕೊಂಡರೆ, ಬಿಡುವ ದಿನ ಬರುವವರೆಗೆ ಅವರ ಶ್ವಾಸಕೋಶ, ಹೃದಯ, ಮನಸ್ಸುಗಳ ಗತಿಯೇನು? ಈ ಲೇಖನ ಅವರಿಗಾಗಿ, ಅವರ ಮನೆಯವರಿಗಾಗಿ.

ಈ ಯೋಚನೆ ನನ್ನದೇನಲ್ಲ. ಕೆನಡಾದ ಸಾರ್ವಜನಿಕ ಆರೋಗ್ಯ ತಜ್ಞರು 2011ರಲ್ಲಿ ಗಾಂಜಾ ಬಳಸುವವರಿಗೆಂದೇ ಅಪಾಯ ತಗ್ಗಿಸುವ ಸೂಚನೆಗಳನ್ನು ಹೊರತಂದರು. ಸಂಶೋಧನೆ ಬೆಳೆದಂತೆ ಆಮೇಲೆ ಅವನ್ನು ಪರಿಷ್ಕರಿಸುತ್ತಲೂ ಬಂದರು. ಇಲ್ಲಿರುವ ಬಹುಪಾಲು ಸಲಹೆಗಳ ಬೇರು ಅಲ್ಲಿದೆ. ಇನ್ನೊಂದು ವಿಷಯ: ಹಲವು ದೇಶಗಳಲ್ಲಿ ಗಾಂಜಾ ಇಟ್ಟುಕೊಳ್ಳುವುದೇ ಅಪರಾಧ. ಆರೋಗ್ಯದ ಅಪಾಯ ಕಡಿಮೆ ಮಾಡಿಕೊಂಡ ಮಾತ್ರಕ್ಕೆ ಕಾನೂನಿನ ಅಪಾಯ ಕಡಿಮೆಯಾಗುವುದಿಲ್ಲ. ನೀವಿರುವ ಕಡೆ ಕಾನೂನು ಏನು ಹೇಳುತ್ತದೆ ಎಂದು ತಿಳಿದುಕೊಂಡಿರಿ.

ಮೊದಲು, ಇದು ಮೈಯೊಳಗೆ ಮಾಡುವುದೇನು

ಅಮಲೇರಿಸುವ ಅಂಶದ ಹೆಸರು ಟಿಎಚ್‌ಸಿ. ಇಸ್ರೇಲಿನ ವಿಜ್ಞಾನಿಗಳು ಇದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದು 1964ರಲ್ಲಿ. ಅದಾಗಿ ಸುಮಾರು ಮೂರು ದಶಕಗಳ ಮೇಲೆ, 1992ರಲ್ಲಿ, ಮಿದುಳು ತಾನಾಗಿಯೇ ಇಂಥದೊಂದು ವಸ್ತುವನ್ನು ತಯಾರಿಸಿಕೊಳ್ಳುತ್ತದೆ ಎಂಬುದು ಗೊತ್ತಾಯಿತು. ಅದಕ್ಕೆ ಇಟ್ಟ ಹೆಸರು ಆನಂಡಮೈಡ್. ನಮ್ಮ ‘ಆನಂದ’ ಶಬ್ದದಿಂದಲೇ ಹುಟ್ಟಿದ ಹೆಸರು. ನೆನಪು, ಹಸಿವು, ಭಯ, ನಿದ್ರೆ ಇವೆಲ್ಲದರ ಹದ ಕಾಯುವ ಕೆಲಸದಲ್ಲಿ ಆನಂಡಮೈಡ್‌ಗೆ ಪಾಲಿದೆ. ಮಿದುಳು ಅದನ್ನು ಬೇಕಾದಾಗ, ಬೇಕಾದ ಜಾಗದಲ್ಲಿ, ಚಿಟಿಕೆಯಷ್ಟು ತಯಾರಿಸಿ ಕೆಲಸ ಮುಗಿದೊಡನೆ ಒಡೆದುಹಾಕುತ್ತದೆ. ಟಿಎಚ್‌ಸಿ ಹಾಗಲ್ಲ. ಅದು ಎಲ್ಲ ಕಡೆ ಒಟ್ಟಿಗೆ ನುಗ್ಗುತ್ತದೆ, ಬೇಗ ಕರಗುವುದೂ ಇಲ್ಲ. ಮುಂದೆ ಹೇಳುವ ತೊಂದರೆಗಳಲ್ಲಿ ಅನೇಕಕ್ಕೆ ಈ ಹದ ತಪ್ಪುವುದೇ ಮೂಲ.

ಹಂತ 1: ನೀವು ಮುಟ್ಟಲೇಬಾರದವರ ಪೈಕಿಯೇ?

ಕೆಲವರ ವಿಷಯದಲ್ಲಿ ‘ಕಡಿಮೆ ಅಪಾಯದ ಬಳಕೆ’ ಎಂಬುದೇ ಇಲ್ಲ. ನೇರವಾಗಿ ಹೇಳುತ್ತೇನೆ.

ಹದಿಹರೆಯದವರು. ಮಿದುಳು ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ. ಅದಕ್ಕೂ ಮೊದಲು, ಅದರಲ್ಲೂ 16 ತುಂಬುವ ಮುಂಚೆ ಶುರು ಮಾಡಿದವರಲ್ಲಿ ಚಟಕ್ಕೆ ಬೀಳುವುದು, ಓದು ಕುಂಠಿತವಾಗುವುದು, ಮಾನಸಿಕ ತೊಂದರೆ ಎಲ್ಲವೂ ಹೆಚ್ಚು. ವರ್ಷ ಮುಂದೂಡಿದಷ್ಟೂ ಲಾಭ. ‘ಈಗ ಬೇಡ’ ಎನ್ನುವುದೇ ಈ ವಯಸ್ಸಿನವರು ತೆಗೆದುಕೊಳ್ಳಬಹುದಾದ ಅತಿ ದೊಡ್ಡ ರಕ್ಷಣೆ.

ತಮಗೆ ಅಥವಾ ತಂದೆ, ತಾಯಿ, ಒಡಹುಟ್ಟಿದವರಿಗೆ ಸ್ಕಿಜೋಫ್ರೇನಿಯಾದಂಥ ಮನೋರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು. ಇವರಲ್ಲಿ ಗಾಂಜಾ ಮಲಗಿರುವ ಕಾಯಿಲೆಯನ್ನು ಬಡಿದೆಬ್ಬಿಸಬಲ್ಲದು. ಸೇದಿದಾಗ ಯಾರೋ ಹಿಂಬಾಲಿಸುತ್ತಿದ್ದಾರೆ, ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂಬ ಸಂಶಯ ಒಂದು ಸಲವಾದರೂ ಬಲವಾಗಿ ಕಾಡಿದ್ದರೆ ಅದನ್ನು ನಕ್ಕು ಮರೆಯಬೇಡಿ. ಅದು ಎಚ್ಚರಿಕೆಯ ಗಂಟೆ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು. ಟಿಎಚ್‌ಸಿ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ತಲುಪುತ್ತದೆ, ಎದೆಹಾಲಿನಲ್ಲೂ ಸೇರುತ್ತದೆ. ಹುಟ್ಟುವ ಮಗುವಿನ ತೂಕ ಕಡಿಮೆಯಾಗುವ ಸಾಧ್ಯತೆ ಹೆಚ್ಚು. ಬಸುರಿಯ ವಾಕರಿಕೆಗೆ ಇದು ಒಳ್ಳೆಯದು ಎಂದು ಹೇಳುವವರಿದ್ದಾರೆ. ಕೇಳಬೇಡಿ. ವಾಕರಿಕೆಗೆ ವೈದ್ಯರ ಹತ್ತಿರ ಬೇರೆ ಮದ್ದಿದೆ.

ಹೃದ್ರೋಗಿಗಳು. ಸೇದಿದ ಕೆಲವೇ ನಿಮಿಷಗಳಲ್ಲಿ ಎದೆಬಡಿತ ಏರುತ್ತದೆ. ಹೃದಯಾಘಾತಕ್ಕೊಳಗಾದ ಸುಮಾರು 3,900 ರೋಗಿಗಳನ್ನು ಮಾತಾಡಿಸಿ ಅಮೆರಿಕದಲ್ಲಿ ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಗಾಂಜಾ ಸೇದಿದ ಮೊದಲ ಒಂದು ಗಂಟೆಯಲ್ಲಿ ಆಘಾತದ ಅಪಾಯ ಸುಮಾರು ಐದು ಪಟ್ಟು ಏರುವುದು ಅದರಲ್ಲಿ ಕಂಡಿತು. ಎದೆನೋವು ಬರುವವರು, ಸ್ಟೆಂಟ್ ಹಾಕಿಸಿಕೊಂಡವರು ಈ ಮಾತನ್ನು ಎರಡು ಸಲ ಓದಿ.

ಹಂತ 2: ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಅಮಲಿಲ್ಲದಾಗ ನಿರ್ಧರಿಸಿ

ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಯಾವ ತಳಿ, ಯಾವ ಕೊಳವೆ, ಯಾವ ಹಾಳೆ ಎಂದು ಜನ ಗಂಟೆಗಟ್ಟಲೆ ಚರ್ಚಿಸುತ್ತಾರೆ. ವಾರಕ್ಕೆ ಎಷ್ಟು ದಿನ ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅಪಾಯದ ದೊಡ್ಡ ಜಿಗಿತ ಇರುವುದು ಅಲ್ಲಿ, ಆಗೊಮ್ಮೆ ಈಗೊಮ್ಮೆ ಎಂಬುದು ದಿನವೂ ಎಂದಾಗುವಲ್ಲಿ.

ಒಮ್ಮೆಯಾದರೂ ಬಳಸಿದವರಲ್ಲಿ ಸುಮಾರು ಶೇ 9 ಮಂದಿ ಚಟಕ್ಕೆ ಬೀಳುತ್ತಾರೆ ಎಂಬುದು ಹಳೆಯ, ಹೆಸರುವಾಸಿ ಅಂದಾಜು. ಹದಿಹರೆಯದಲ್ಲಿ ಶುರು ಮಾಡಿದರೆ ಅದು ಆರರಲ್ಲಿ ಒಬ್ಬರು. ದಿನವೂ ಬಳಸುವವರಲ್ಲಿ ಇನ್ನೂ ಹೆಚ್ಚು. ಯುರೋಪಿನ ಹಲವು ನಗರಗಳನ್ನೂ ಬ್ರೆಜಿಲ್‌ನ ಒಂದು ಕೇಂದ್ರವನ್ನೂ ಒಳಗೊಂಡು 2019ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಶೇ 10 ಅಥವಾ ಅದಕ್ಕಿಂತ ಹೆಚ್ಚು ಟಿಎಚ್‌ಸಿ ಇರುವ ಗಾಂಜಾವನ್ನು ದಿನವೂ ಬಳಸುವವರಲ್ಲಿ ವಾಸ್ತವದ ಅರಿವು ತಪ್ಪುವ ಮನೋರೋಗದ ಸಾಧ್ಯತೆ, ಎಂದೂ ಬಳಸದವರಿಗಿಂತ ಸುಮಾರು ಐದು ಪಟ್ಟು ಇದ್ದುದು ಅದರಲ್ಲಿ ಕಂಡುಬಂತು.

ಮಾಡಬೇಕಾದದ್ದು ಇಷ್ಟು. ವಾರಕ್ಕೆ ಒಂದು ದಿನ, ತೀರಾ ಅಂದರೆ ಎರಡು ದಿನ ಎಂದು ಗೆರೆ ಎಳೆದುಕೊಳ್ಳಿ. ಯಾವ ದಿನ ಎಂಬುದನ್ನೂ ಮೊದಲೇ ಗುರುತು ಮಾಡಿ. ಬಳಸಿದ ದಿನ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡಿ. ಮೂರು ತಿಂಗಳಾದ ಮೇಲೆ ಆ ಚುಕ್ಕೆಗಳನ್ನು ನೋಡಿದರೆ, ನಿಮ್ಮ ಲೆಕ್ಕವೂ ನಿಮ್ಮ ನೆನಪೂ ಒಂದೇ ಹೇಳುತ್ತಿವೆಯೇ ಎಂಬುದು ತಿಳಿಯುತ್ತದೆ. ಬೆಳಗ್ಗೆ ಎದ್ದೊಡನೆ ಬೇಡ. ಕೋಪ, ದುಃಖ, ಒಂಟಿತನ ಮರೆಯಲು ಬೇಡ. ನಿದ್ರೆಗೆಂದು ಅಂತೂ ಬೇಡವೇ ಬೇಡ, ಏಕೆಂದರೆ ನಿದ್ರೆಗೆಂದು ಶುರುವಾದದ್ದು ಪ್ರತಿ ರಾತ್ರಿಯದಾಗಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ಮೊದಲಿನಷ್ಟಕ್ಕೆ ಈಗ ಏನೂ ಆಗುತ್ತಿಲ್ಲ ಎನಿಸಿದರೆ ಪ್ರಮಾಣ ಏರಿಸಬೇಡಿ. ಮಿದುಳು ಟಿಎಚ್‌ಸಿಯ ಹೊಡೆತಕ್ಕೆ ತನ್ನ ಗ್ರಾಹಕಗಳನ್ನು, ಅಂದರೆ ಟಿಎಚ್‌ಸಿ ಹೋಗಿ ಅಂಟಿಕೊಳ್ಳುವ ತಾಣಗಳನ್ನು, ಕುಗ್ಗಿಸಿಕೊಂಡಿದೆ ಎಂಬುದರ ಸೂಚನೆ ಅದು. ನಾಲ್ಕು ವಾರ ಪೂರ್ತಿ ಬಿಟ್ಟರೆ ಅವು ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಮರಳುತ್ತವೆ.

ಹಂತ 3: ಕೈಯಲ್ಲಿರುವುದು ಎಷ್ಟು ಸ್ಟ್ರಾಂಗ್ ಎಂದು ತಿಳಿದುಕೊಳ್ಳಿ

‘ನಮ್ಮ ಕಾಲದಲ್ಲೂ ಸೇದುತ್ತಿದ್ದರು, ಏನೂ ಆಗಲಿಲ್ಲ’ ಎನ್ನುವ ಹಿರಿಯರು ಗಮನಿಸಬೇಕು. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾವನ್ನು ಪರೀಕ್ಷಿಸಿದಾಗ 1995ರಲ್ಲಿ ಟಿಎಚ್‌ಸಿ ಸರಾಸರಿ ಶೇ 4ರಷ್ಟಿತ್ತು. 2014ಕ್ಕೆ ಅದು ಶೇ 12ರಷ್ಟಾಗಿತ್ತು. ಸಾರ ತೆಗೆದು ಮಾಡಿದ ಎಣ್ಣೆ, ಮೇಣದಂಥ ಉತ್ಪನ್ನಗಳಲ್ಲಿ ಶೇ 60, 80 ಮೀರುವುದೂ ಉಂಟು. ಗಿಡ ಅದೇ, ಹೆಸರು ಅದೇ, ಆದರೆ ವಸ್ತು ಬೇರೆಯೇ.

ಕಾನೂನುಬದ್ಧವಾಗಿ ಮಾರುವ ಕಡೆ ಚೀಟಿಯ ಮೇಲೆ ಅಂಕಿಯಿರುತ್ತದೆ. ಶೇ 10ಕ್ಕಿಂತ ಕಡಿಮೆ ಟಿಎಚ್‌ಸಿ ಇರುವುದನ್ನು ನೋಡಿ. ಸಿಬಿಡಿ ಎಂಬ ಇನ್ನೊಂದು ಅಂಶ ಅಮಲೇರಿಸುವುದಿಲ್ಲ ನಿಜ, ಆದರೆ ಅದು ಹೆಚ್ಚಿದ್ದ ಮಾತ್ರಕ್ಕೆ ಟಿಎಚ್‌ಸಿಯ ಅಪಾಯ ಇಲ್ಲವಾಯಿತು ಎಂದು ನಂಬಬೇಡಿ. ಚೀಟಿಯಿಲ್ಲದ ಕಡೆ ಬಣ್ಣ, ವಾಸನೆ, ಕೊಟ್ಟವನ ಮಾತು ಯಾವುದೂ ಅಳತೆಗೋಲಲ್ಲ. ಪ್ರತಿ ಹೊಸ ಸರಕನ್ನೂ ಅತಿ ಸ್ಟ್ರಾಂಗ್ ಎಂದೇ ಭಾವಿಸಿ ಒಂದು ಸಣ್ಣ ದಮ್ಮಿಗೆ ನಿಲ್ಲಿಸಿ, ಕಾಲು ಗಂಟೆ ಕಾಯಿರಿ. ಬೂಷ್ಟು ಕಂಡರೆ ಎಸೆಯಿರಿ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಆ ಬೂಷ್ಟೇ ಶ್ವಾಸಕೋಶದ ಸೋಂಕು ತರಬಲ್ಲದು. ಕಲಬೆರಕೆಯೂ ಕಲ್ಪನೆಯಲ್ಲ. ಜರ್ಮನಿಯ ಲೈಪ್ಜಿಗ್‌ನಲ್ಲಿ 2007ರಲ್ಲಿ ಹೊಟ್ಟೆನೋವು, ರಕ್ತಹೀನತೆ ಎಂದು ಬಂದ ಯುವಕರ ರಕ್ತದಲ್ಲಿ ಸೀಸ ಸಿಕ್ಕಿತು. ತೂಕ ಹೆಚ್ಚಿಸಲೆಂದು ಯಾರೋ ಗಾಂಜಾಕ್ಕೆ ಸೀಸ ಬೆರೆಸಿದ್ದರು.

ಕೃತಕ ಗಾಂಜಾ ಎಂಬ ಹೆಸರಿನ ವಸ್ತುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ‘ಸ್ಪೈಸ್’, ‘ಕೆ2’ ಎಂಬ ಹೆಸರುಗಳಲ್ಲಿ ಬರುವ ಇವು ಯಾವುದೋ ಒಣ ಸೊಪ್ಪಿನ ಮೇಲೆ ಸಿಂಪಡಿಸಿದ ರಾಸಾಯನಿಕಗಳು. ಮಿದುಳಿನ ಮೇಲೆ ಟಿಎಚ್‌ಸಿಗಿಂತ ಎಷ್ಟೋ ಬಲವಾಗಿ ಕೆಲಸ ಮಾಡುತ್ತವೆ. ಫಿಟ್ಸ್, ಮೂತ್ರಪಿಂಡ ವೈಫಲ್ಯ, ಸಾವು ಎಲ್ಲವೂ ದಾಖಲಾಗಿವೆ. 2018ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಇಂಥ ಸರಕಿನಲ್ಲಿ ಇಲಿಪಾಷಾಣ ಬೆರೆತು 150ಕ್ಕೂ ಹೆಚ್ಚು ಮಂದಿ ರಕ್ತಸ್ರಾವದಿಂದ ಆಸ್ಪತ್ರೆ ಸೇರಿದರು, ಕೆಲವರು ಸತ್ತರು.

ಹಂತ 4: ಮೈಯೊಳಗೆ ಹೋಗುವ ದಾರಿ

ಸೇದುವವರಿಗೆ. ಸುಡುವ ಯಾವ ಸೊಪ್ಪಿನ ಹೊಗೆಯಲ್ಲೂ ಟಾರ್, ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಗಾಂಜಾ ಇದಕ್ಕೆ ಹೊರತಲ್ಲ. ದಮ್ಮು ಎಳೆದು ಎದೆಯಲ್ಲಿ ಹಿಡಿದಿಟ್ಟರೆ ಅಮಲು ಹೆಚ್ಚು ಎಂಬ ನಂಬಿಕೆ ಎಲ್ಲೆಡೆ ಇದೆ. ಟಿಎಚ್‌ಸಿ ಮೊದಲ ಕೆಲವೇ ಕ್ಷಣಗಳಲ್ಲಿ ರಕ್ತ ಸೇರಿಬಿಡುತ್ತದೆ. ಆಮೇಲೆ ಹಿಡಿದಿಟ್ಟಷ್ಟೂ ಶ್ವಾಸಕೋಶದಲ್ಲಿ ಕೂರುವುದು ಟಾರ್. ಸಣ್ಣಗೆ ಎಳೆದು ತಕ್ಷಣ ಬಿಡಿ. ನೀರಿನ ಮೂಲಕ ಹೊಗೆ ಎಳೆಯುವ ಬಾಂಗ್ ಕೊಳವೆ ಹೊಗೆಯನ್ನು ತಣ್ಣಗಾಗಿಸುತ್ತದೆಯೇ ಹೊರತು ಶುದ್ಧ ಮಾಡುವುದಿಲ್ಲ. ಪ್ಲಾಸ್ಟಿಕ್ ಬಾಟಲಿ, ಬಣ್ಣ ಮುದ್ರಿಸಿದ ಕಾಗದ ಬಳಸಬೇಡಿ. ಒಂದೇ ಕೊಳವೆ ಬಾಯಿಂದ ಬಾಯಿಗೆ ಹೋದರೆ ಜೊತೆಗೆ ಸೋಂಕೂ ಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಕೂತು ಸೇದುವ ಗುಂಪುಗಳಲ್ಲಿ ಕ್ಷಯ ಹರಡಿದ ಉದಾಹರಣೆಗಳಿವೆ.

ತಂಬಾಕಿನ ಜೊತೆ ಬೆರೆಸಿ ಸುತ್ತುವುದನ್ನು ಮೊದಲು ನಿಲ್ಲಿಸಿ. ಎಷ್ಟೋ ಜನರಿಗೆ ತಾವು ಗಾಂಜಾಕ್ಕೆ ಅಂಟಿದ್ದೇವೋ ನಿಕೋಟಿನ್‌ಗೆ ಅಂಟಿದ್ದೇವೋ ಎಂಬುದೇ ತಿಳಿಯದೆ ಹೋಗಲು ಈ ಬೆರಕೆಯೇ ಕಾರಣ. ಎರಡು ಚಟ ಒಂದೇ ಗಂಟಿನಲ್ಲಿ ಬಿಗಿದರೆ ಬಿಡಿಸುವುದು ಎರಡರಷ್ಟು ಕಷ್ಟ.

ಒಣ ಹೂವನ್ನು ಸುಡದೆ ಬಿಸಿ ಮಾಡಿ ಆವಿ ಬರಿಸುವ ಸಾಧನಗಳಲ್ಲಿ ಹೊಗೆಯ ವಿಷಾಂಶ ಕಡಿಮೆ. ಆದರೆ ಇ-ಸಿಗರೇಟಿನಂಥ ವೇಪ್ ಸಾಧನಕ್ಕೆ ಸಿಕ್ಕಿಸುವ, ಎಣ್ಣೆ ತುಂಬಿದ ಕಾರ್ಟ್ರಿಜ್‌ಗಳ ಕಥೆಯೇ ಬೇರೆ. 2019ರಲ್ಲಿ ಅಮೆರಿಕದಾದ್ಯಂತ ವೇಪ್ ಸೇದಿದವರ ಶ್ವಾಸಕೋಶ ದಿಢೀರನೆ ಹಾಳಾಗತೊಡಗಿತು. 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣಗಳು, 68 ಸಾವು. ಕಳ್ಳದಾರಿಯಲ್ಲಿ ಬಂದ ಟಿಎಚ್‌ಸಿ ಎಣ್ಣೆಯನ್ನು ಮಂದ ಮಾಡಲು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಇದರ ಹಿಂದಿತ್ತು. ಚರ್ಮಕ್ಕೆ ಹಚ್ಚಿದರೆ ಏನೂ ಮಾಡದ ವಸ್ತು ಶ್ವಾಸಕೋಶಕ್ಕೆ ಹೋದಾಗ ಮಾರಕವಾಯಿತು. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಕಾರ್ಟ್ರಿಜ್ ಬೇಡ.

ತಿನ್ನುವವರಿಗೆ. ಹೊಗೆಯಿಲ್ಲ, ಶ್ವಾಸಕೋಶಕ್ಕೆ ಒಳ್ಳೆಯದು, ಸರಿ. ಆದರೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಸೇದಿದ್ದು ನಿಮಿಷಗಳಲ್ಲಿ ತಲೆಗೇರುತ್ತದೆ, ತಿಂದದ್ದು ಅರ್ಧ ಗಂಟೆಯಿಂದ ಎರಡು ಗಂಟೆ ತೆಗೆದುಕೊಳ್ಳುತ್ತದೆ. ಏರುತ್ತ ಹೋಗಿ ನಾಲ್ಕು ಗಂಟೆಯ ಹೊತ್ತಿಗೆ ತುದಿ ಮುಟ್ಟಬಹುದು, ಹನ್ನೆರಡು ಗಂಟೆಯವರೆಗೂ ಉಳಿಯಬಹುದು. ಹೊಟ್ಟೆಯಿಂದ ಯಕೃತ್ತಿಗೆ ಹೋಗುವ ಟಿಎಚ್‌ಸಿ ಅಲ್ಲಿ ಇನ್ನೊಂದು ರೂಪ ತಾಳುತ್ತದೆ, ಆ ರೂಪ ಮಿದುಳನ್ನು ಇನ್ನೂ ಸುಲಭವಾಗಿ ಹೊಗುತ್ತದೆ. ಒಂದು ತುಂಡು ತಿಂದು, ಏನೂ ಆಗಲಿಲ್ಲವಲ್ಲ ಎಂದು ಇನ್ನೊಂದು ತಿನ್ನುತ್ತಾರೆ. ಎರಡೂ ಒಟ್ಟಿಗೆ ಏರುತ್ತವೆ. 2014ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ 19 ವರ್ಷದ ಹುಡುಗನೊಬ್ಬ ಆರು ಸಲಕ್ಕೆ ತಿನ್ನಬೇಕಿದ್ದ ಕುಕ್ಕಿಯ ಒಂದು ಪಾಲು ತಿಂದು, ಒಂದು ಗಂಟೆಯೊಳಗೆ ಉಳಿದದ್ದನ್ನೂ ತಿಂದ. ಆಮೇಲೆ ಮತಿ ಕದಡಿ ನಾಲ್ಕನೆಯ ಮಹಡಿಯಿಂದ ಹಾರಿ ತೀರಿಕೊಂಡ. ಕಾಯಬೇಕು ಎಂಬುದು ಯಾರಿಗಾದರೂ ಅತಿಯೆನಿಸಿದರೆ ಈ ಹುಡುಗನನ್ನು ನೆನೆಯಿರಿ.

ಹೊಸಬರಿಗೆ 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಟಿಎಚ್‌ಸಿ ಸಾಕು. ಆ ದಿನಕ್ಕೆ ಅಷ್ಟೇ, ಎರಡನೆಯ ತುಂಡು ಇಲ್ಲ. ಪ್ರಮಾಣ ಅಳೆಯದೆ ಮನೆಯಲ್ಲಿ ಮಾಡಿದ್ದಾದರೆ ತಿನ್ನದಿರುವುದೇ ಲೇಸು, ಒಂದು ತುಂಡಿನಲ್ಲಿರುವಷ್ಟೇ ಇನ್ನೊಂದರಲ್ಲಿ ಇರುತ್ತದೆಂಬ ಭರವಸೆ ಮಾಡಿದವರಿಗೂ ಇರುವುದಿಲ್ಲ.

ಹಂತ 5: ಬೆರೆಸಬೇಡಿ

ಮದ್ಯದ ಜೊತೆ ಬೇಡ. ಮದ್ಯ ರಕ್ತದಲ್ಲಿ ಟಿಎಚ್‌ಸಿಯ ಮಟ್ಟವನ್ನೇ ಏರಿಸುತ್ತದೆ. ತಲೆಸುತ್ತು, ವಾಂತಿ, ಕುಸಿದುಬೀಳುವುದು ಹೆಚ್ಚಾಗಿ ಈ ಜೋಡಿಯಿಂದಲೇ. ನಿದ್ರೆ ಮಾತ್ರೆ, ಅಫೀಮು ಜಾತಿಯ ನೋವಿನ ಮಾತ್ರೆಗಳೊಂದಿಗೂ ಬೇಡ. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಕೆಲವು ಔಷಧಗಳ ಮಟ್ಟವನ್ನು ಗಾಂಜಾ, ಸಿಬಿಡಿ ಏರುಪೇರು ಮಾಡುತ್ತವೆ. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ನಿಜ ಹೇಳಿ. ದಿನವೂ ಬಳಸುವವರಿಗೆ ಅರಿವಳಿಕೆ ಮದ್ದು ಹೆಚ್ಚು ಬೇಕಾಗಬಹುದು. ಅದು ಅವರಿಗೆ ಮೊದಲೇ ಗೊತ್ತಿರಬೇಕು.

ಹಂತ 6: ಗಾಡಿ ಕೀಲಿ ಬೇರೆಯವರ ಕೈಗೆ

ಸೇದಿದ ಮೇಲೆ ಕನಿಷ್ಠ ಆರು ಗಂಟೆ, ತಿಂದ ಮೇಲೆ ಎಂಟರಿಂದ ಹನ್ನೆರಡು ಗಂಟೆ ಗಾಡಿ ಓಡಿಸಬೇಡಿ, ಯಂತ್ರದ ಕೆಲಸಕ್ಕೆ ಇಳಿಯಬೇಡಿ. ‘ನಾನು ಸರಿಯಾಗೇ ಇದ್ದೇನೆ’ ಎಂಬ ಅನಿಸಿಕೆಗೆ ಇಲ್ಲಿ ಬೆಲೆಯಿಲ್ಲ. ಬ್ರೇಕ್ ತುಳಿಯುವ ಆ ಅರೆಕ್ಷಣ ತಡವಾಗುವುದು ನಿಮಗೆ ಗೊತ್ತಾಗುವುದಿಲ್ಲ, ಎದುರಿಗೆ ಬಂದವರಿಗೆ ಗೊತ್ತಾಗುತ್ತದೆ. ಮದ್ಯವೂ ಸೇರಿದ್ದರೆ ಆ ರಾತ್ರಿಯೆಲ್ಲ ಬೇಡ.

ಹಂತ 7: ಮಿತಿ ಮೀರಿತು ಎನಿಸಿದಾಗ

ಎದೆ ಡವಡವ, ಬೆವರು, ಸತ್ತೇ ಹೋಗುತ್ತೇನೆ ಎಂಬ ಭಯ. ಸಾಮಾನ್ಯವಾಗಿ ಇದು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಗದ್ದಲವಿಲ್ಲದ, ಬೆಳಕು ಮಂದವಾದ ಕಡೆ ಕೂರಿಸಿ. ನಂಬಿಕೆಯವರೊಬ್ಬರು ಪಕ್ಕದಲ್ಲಿರಲಿ, ‘ಇದು ಇಳಿಯುತ್ತದೆ, ನಾನಿಲ್ಲೇ ಇದ್ದೇನೆ’ ಎಂದು ಮೆಲ್ಲಗೆ ಹೇಳುತ್ತಿರಲಿ. ನೀರು ಗುಟುಕು ಗುಟುಕಾಗಿ ಕೊಡಿ. ಉಸಿರನ್ನು ನಿಧಾನ ಮಾಡಲು ಹೇಳಿ. ವಾಂತಿ ಬರುವಂತಿದ್ದರೆ ಅಂಗಾತ ಮಲಗಿಸಬೇಡಿ, ಒಂದು ಮಗ್ಗುಲಿಗೆ ಹೊರಳಿಸಿ. ಎದ್ದು ನಿಲ್ಲುವುದು ನಿಧಾನವಾಗಿರಲಿ, ರಕ್ತದೊತ್ತಡ ಕುಸಿದು ಬೀಳುವುದುಂಟು. ಒಬ್ಬರನ್ನೇ ಬಿಟ್ಟು ಹೋಗಬೇಡಿ. ಮೊಬೈಲ್ ಎತ್ತಿ ವಿಡಿಯೊ ಮಾಡುವವರನ್ನು ಹೊರಗೆ ಕಳಿಸಿ.

ಎದೆನೋವು, ಉಸಿರಾಟದ ತೊಂದರೆ, ಫಿಟ್ಸ್, ಎಬ್ಬಿಸಿದರೂ ಏಳದಿರುವುದು, ತನಗೋ ಇತರರಿಗೋ ಹಾನಿ ಮಾಡುವಂಥ ವರ್ತನೆ, ಮರುದಿನವೂ ಇಳಿಯದ ಭ್ರಮೆ ಇವುಗಳಲ್ಲಿ ಯಾವುದೇ ಕಂಡರೂ ತಕ್ಷಣ ಆಂಬ್ಯುಲೆನ್ಸ್ ಕರೆಸಿ. ಏನು, ಎಷ್ಟು, ಯಾವಾಗ ತೆಗೆದುಕೊಂಡದ್ದು ಎಂಬುದನ್ನು ಬಚ್ಚಿಡಬೇಡಿ.

ಮನೆಯಲ್ಲಿ ಮಕ್ಕಳಿದ್ದರೆ, ಸಾಕುಪ್ರಾಣಿಗಳಿದ್ದರೆ ಎಲ್ಲವನ್ನೂ ಬೀಗ ಹಾಕಿ ಎತ್ತರದಲ್ಲಿಡಿ. ಮಿಠಾಯಿಯಂತೆ ಕಾಣುವುದನ್ನು ಮಕ್ಕಳು ಮಿಠಾಯಿಯೆಂದೇ ತಿನ್ನುತ್ತವೆ. ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ವರದಿಯಾದ, ಆರು ವರ್ಷದೊಳಗಿನ ಮಕ್ಕಳು ಗಾಂಜಾ ತಿನಿಸು ತಿಂದ ಪ್ರಕರಣಗಳು 2017ರಲ್ಲಿ 207 ಇದ್ದವು. 2021ರಲ್ಲಿ 3,054 ಆದವು. ಮಗು ತಿಂದಿತೆಂಬ ಸಂಶಯ ಬಂದರೆ ಇಳಿಯುತ್ತದೇನೋ ಎಂದು ಕಾಯುತ್ತ ಕೂರಬಾರದು, ನೇರ ಆಸ್ಪತ್ರೆಗೆ ಹೋಗಬೇಕು.

ಹಂತ 8: ಮೈ ಕೊಡುವ ಸೂಚನೆ ಓದಿ

ನನ್ನ ಆಪ್ತನೊಬ್ಬ ಎರಡು ವರ್ಷ ವಾಂತಿಯಿಂದ ನರಳಿದ. ತಿಂಗಳಿಗೊಮ್ಮೆ ಎರಡು ಮೂರು ದಿನ ಹಿಡಿದಿಟ್ಟಂತೆ ವಾಂತಿ, ಹೊಟ್ಟೆ ಹಿಂಡುವ ನೋವು. ಬಿಸಿನೀರು ಸುರಿದುಕೊಂಡಾಗ ಮಾತ್ರ ಸ್ವಲ್ಪ ಹಾಯೆನಿಸುತ್ತಿತ್ತು. ದಿನಕ್ಕೆ ಐದಾರು ಸಲ ಸ್ನಾನದ ಕೋಣೆ ಸೇರುತ್ತಿದ್ದ. ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲ ಆಯಿತು, ಏನೂ ಸಿಗಲಿಲ್ಲ. ಗಾಂಜಾ ಬಗ್ಗೆ ವೈದ್ಯರು ಕೇಳಲಿಲ್ಲ, ಇವನು ಹೇಳಲಿಲ್ಲ. ವಾಕರಿಕೆಗೆ ಗಾಂಜಾವೇ ಮದ್ದೆಂದು ನಂಬಿ ಇನ್ನಷ್ಟು ಸೇದುತ್ತಿದ್ದ. ವರ್ಷಗಟ್ಟಲೆ ದಿನವೂ ಬಳಸುವ ಕೆಲವರಲ್ಲಿ ಕಾಣುವ ಈ ವಾಂತಿ ರೋಗವನ್ನು ಆಸ್ಟ್ರೇಲಿಯಾದ ವೈದ್ಯರು 2004ರಲ್ಲೇ ವಿವರಿಸಿದ್ದಾರೆ. ಬಿಸಿನೀರಿನ ಸ್ನಾನದ ಈ ಹಂಬಲವೇ ಅದರ ಗುರುತು. ಪೂರ್ತಿ ಬಿಡುವುದೊಂದೇ ಅದಕ್ಕೆ ಉಳಿದಿರುವ ಪರಿಹಾರ, ಪ್ರಮಾಣ ಇಳಿಸಿ ನೋಡುವುದು ಸಾಕಾಗುವುದಿಲ್ಲ. ಅವನು ಬಿಟ್ಟ, ವಾಂತಿ ನಿಂತಿತು.

ಇನ್ನು ಕೆಲವು ಸೂಚನೆಗಳು: ಇಷ್ಟೇ ಎಂದುಕೊಂಡದ್ದು ಪ್ರತಿ ಸಲ ಮೀರುವುದು. ಬಳಸಲಾಗದ ದಿನ ಸಣ್ಣ ಮಾತಿಗೂ ಸಿಡುಕುವುದು. ಇಷ್ಟವಿದ್ದ ಆಟ, ಓದು, ಸ್ನೇಹ ಒಂದೊಂದಾಗಿ ಉದುರುವುದು. ಹೀಗಿದ್ದರೆ ನಿಮಗೆ ಬೇಕಿರುವುದು ಕಡಿಮೆ ಅಪಾಯದ ಬಳಕೆಯಲ್ಲ, ಬಿಡುವ ಯೋಜನೆ.

ದಿನವೂ ಬಳಸುತ್ತಿದ್ದವರು ನಿಲ್ಲಿಸಿದಾಗ ಒಂದೆರಡು ದಿನಗಳಲ್ಲಿ ಕಿರಿಕಿರಿ, ತಳಮಳ, ಬೆವರು, ಹಸಿವಿಲ್ಲದಿರುವುದು, ನಿದ್ರೆ ಬಾರದಿರುವುದು ಶುರುವಾಗುತ್ತದೆ. ಮೊದಲ ವಾರ ಕಷ್ಟ. ಎರಡು ಮೂರು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಎದ್ದು ಕೂರುವಷ್ಟು ಸ್ಪಷ್ಟವಾದ ಕನಸುಗಳು ಇನ್ನಷ್ಟು ದಿನ ಬರಬಹುದು, ಹೆದರಬೇಡಿ, ಅವೂ ನಿಲ್ಲುತ್ತವೆ. ಆ ವಾರಗಳಲ್ಲಿ ಕೊಳವೆ, ಹಾಳೆ, ಉಳಿದ ಸರಕು ಯಾವುದೂ ಮನೆಯಲ್ಲಿರಬಾರದು. ಸಂಜೆಯ ಹೊತ್ತು ಖಾಲಿ ಬಿಡಬೇಡಿ, ನಡಿಗೆಯೋ ಓಟವೋ ಮೈ ದಣಿಸುವ ಏನಾದರೂ ಇರಲಿ. ಗಾಂಜಾ ಬಿಡಿಸಲೆಂದೇ ಮಾನ್ಯತೆ ಪಡೆದ ಮಾತ್ರೆ ಯಾವುದೂ ಇಲ್ಲ. ಕೆಲಸ ಮಾಡುವುದು ಮಾತಿನ ಚಿಕಿತ್ಸೆ, ಅದರಲ್ಲೂ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ.

ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣುವ ಹಿಂದಿನ ದಿನ ಒಂದು ಚೀಟಿ ಬರೆಯಿರಿ: ಎಷ್ಟು ವರ್ಷದಿಂದ, ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಸಲ, ಸೇದುವುದೋ ತಿನ್ನುವುದೋ, ಜೊತೆಗೆ ತಂಬಾಕು ಅಥವಾ ಮದ್ಯ ಉಂಟೋ, ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ, ಮನೆಯಲ್ಲಿ ಯಾರಿಗಾದರೂ ಮನೋರೋಗ ಇತ್ತೋ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಆ ಚೀಟಿಯನ್ನೇ ಅವರ ಕೈಗೆ ಕೊಡಿ.